ಎಷ್ಟು ಜನಕ್ಕೆ ನೀರು

ಮಾರ್ಚ್ ೩

ಅಣ್ಣ,

‘ಹಿರಿದಾದ ಕೊಳದಿಂದ ಹಿರಿದಾದ ಧಾರೆ’ ಎಂದು ಅಪ್ಪ ಸ್ನಾನ ಮಾಡುವಾಗ ಗುನುಗುತ್ತಿದ್ದದ್ದು ನಿನಗೆ ನೆನಪಿದೆಯೆ? ಮುಂದಿನ ಸಾಲು ನನಗೆ ಮರೆತುಹೋಗಿದೆ. ಯಾರಾದರೂ ಬರೆದದ್ದೋ, ಅಪ್ಪನೇ ಕಟ್ಟಿದ್ದೋ, ಅದೂ ಗೊತ್ತಿಲ್ಲ. ಹಾಡಿಕೊಳ್ಳುವುದಕ್ಕೇನೋ ಚೆನ್ನಾಗಿದೆ, ಆದರೆ ಅದು ನಿಜವೆ? ಕೊಳ ದೊಡ್ಡದಾದರೆ ಧಾರೆ ದೊಡ್ಡದಾಗುತ್ತದೆಯೆ? ಜೀವಮಾನವಿಡೀ ಊರೂರಿಗೆ ನೀರಿನ ಟ್ಯಾಂಕು ಕಟ್ಟಿಸಿದವನು ನೀನು. ನೀನೇ ಹೇಳಬೇಕು.

ಕೇಳುವುದಕ್ಕೆ ಕಾರಣವಿದೆ. ನನ್ನ ಬಚ್ಚಲಿನ ಷವರ್ ಹೆಸರಿಗೆ ಮಾತ್ರ ಷವರ್. ಅದರ ಕೆಳಗೆ ಬಕೆಟ್ ಇಟ್ಟು, ತುಂಬುವವರೆಗೆ ಕಾದು, ಮಗ್ಗಿನಿಂದ ಮೈಗೆ ಹೊಯ್ದುಕೊಳ್ಳುತ್ತೇನೆ. ಒಂದು ಬಕೆಟ್ ತುಂಬಲು ಆರು ನಿಮಿಷ ಬೇಕು. ಬಚ್ಚಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಒಂದು ಪದ್ಯ ಓದುವಷ್ಟು ಹೊತ್ತು. ಪದ್ಯ ಉದ್ದವಾದ ದಿನ ಬಕೆಟ್ ತುಂಬಿ ಹರಿದಿರುತ್ತದೆ. ನನಗೆ ಅದು ಮೂರು ನಿಮಿಷದಲ್ಲಿ ತುಂಬಬೇಕು. ಅಂದರೆ, ಷವರ್ ಕೆಳಗೆ ಒಬ್ಬರು ಸುಮ್ಮನೆ ನಿಂತರೆ ಮೈ ಪೂರ್ತಿ ನೆನೆಯುವಂತಿರಬೇಕು.

ಪ್ಲಂಬರ್ ಬಂದು ತಾರಸಿ ಹತ್ತಿ ನೋಡಿದ. “ಇದೇನು ಟ್ಯಾಂಕು ಮೇಡಂ, ತಂಬಿಗೆ ಇದ್ದಂಗಿದೆ. ದೊಡ್ಡದು ಹಾಕ್ಸಿ, ನೀರು ತಾನಾಗೇ ಜೋರಾಗಿ ಬೀಳತ್ತೆ” ಎಂದ. ಅಪ್ಪನ ಸಾಲನ್ನು ಅವನೂ ಕೇಳಿದ್ದನೇನೋ ಅನ್ನಿಸಿತು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ “ಊಟ ಆಯ್ತಾ”, “ಆಯ್ತು” ಎನ್ನುವುದಕ್ಕೆ ನಿಂತುಬಿಡುತ್ತೇವೆ. ಲೆಕ್ಕವನ್ನಾದರೂ ಕಾಗದದಲ್ಲಿ ಬರೆಯಲೇಬೇಕಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಪ್ರೆಸ್ಸಿನಲ್ಲಿ ಈ ತಿಂಗಳು ಶಾಲೆಯ ಪಠ್ಯಪುಸ್ತಕಗಳ ಪ್ರೂಫು. ಏಳನೆಯ ತರಗತಿಯ ಭೂಗೋಳದಲ್ಲಿ ಒಂದು ನದಿ ಉಲ್ಟಾ ಹರಿಯುತ್ತಿತ್ತು, ತಿರುಗಿಸಿ ಸರಿದಾರಿಗೆ ಬಿಟ್ಟೆ.

ಪುಟ್ಟಿ


ಮಾರ್ಚ್ ೧೨

ಪುಟ್ಟಿ,

ಆ ಪ್ಲಂಬರನನ್ನು ಮನೆಯ ಮೆಟ್ಟಿಲು ಹತ್ತಿಸಬೇಡ. ಅಪ್ಪನ ಸಾಲಿಗೆ ಮಾತ್ರ ಮಾಫಿ ಇದೆ, ಆತ ಕೊಳವೆಗೆ ಕೈ ಹಾಕಿದವನಲ್ಲ. ಮುಂದಿನ ಸಾಲು ನನಗೂ ನೆನಪಾಗಲಿಲ್ಲ.

ಸರಿಯಾಗಿ ಕೇಳು. ಟ್ಯಾಂಕಿನ ಹೊಟ್ಟೆ ಎಷ್ಟು ದೊಡ್ಡದು ಎಂಬುದು ಧಾರೆಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎರಡೇ: ನೀರಿನ ಮಟ್ಟ ತನಗಿಂತ ಎಷ್ಟು ಎತ್ತರದಲ್ಲಿದೆ, ತಾನು ಹೊರಬೀಳುವ ದಾರಿ ಎಷ್ಟು ಅಗಲವಾಗಿದೆ. ಸಮುದ್ರವನ್ನೇ ತಂದು ನಿನ್ನ ತಾರಸಿಯ ಮೇಲೆ ಅದೇ ಮಟ್ಟಕ್ಕೆ ಇಟ್ಟರೂ ನಿನ್ನ ಬಕೆಟ್ ಆರು ನಿಮಿಷಕ್ಕೇ ತುಂಬುವುದು. ಎತ್ತರದಲ್ಲೂ ಒಂದು ಜಿಪುಣತನವಿದೆ. ಧಾರೆ ಎರಡು ಪಟ್ಟು ಬೇಕೆಂದರೆ ಎತ್ತರ ನಾಲ್ಕು ಪಟ್ಟು ಬೇಕು. ಇದನ್ನು ನಾನು ಎಷ್ಟು ಕಾಂಟ್ರಾಕ್ಟರುಗಳಿಗೆ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೋ.

ಹಾಗಾದರೆ ದೊಡ್ಡ ಟ್ಯಾಂಕು ಯಾತಕ್ಕೆ? ಹೆಚ್ಚು ಹೊತ್ತು ಬರುವುದಕ್ಕೆ. ಅದೂ ಉದ್ದನೆಯದಲ್ಲ, ಅಗಲವಾದದ್ದು ತಗೋ. ಉದ್ದನೆಯ ಟ್ಯಾಂಕಿನಲ್ಲಿ ನೀರು ಖರ್ಚಾದಂತೆ ಮಟ್ಟ ಸರ್ರನೆ ಇಳಿಯುತ್ತದೆ, ಧಾರೆ ಸೊರಗುತ್ತದೆ. ಅಗಲವಾದದ್ದರಲ್ಲಿ ಮೊದಲನೆಯವರು ಮಿಂದರೂ ಕೊನೆಯವರು ಮಿಂದರೂ ಹೆಚ್ಚುಕಮ್ಮಿ ಒಂದೇ ಧಾರೆ.

ಈಗ ಬರೆದು ಕಳಿಸು: ಷವರಿನಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಎಷ್ಟು ಎತ್ತರ, ಪೈಪು ಎಷ್ಟು ಇಂಚು, ನೀರು ಯಾವಾಗ ಬಿಡುತ್ತಾರೆ, ಮನೆಯಲ್ಲಿ ಎಷ್ಟು ಜನ. ಕೊನೆಯದನ್ನು ಎಲ್ಲರಿಗೂ ಕೇಳುತ್ತೇನೆ, ನಿನ್ನದು ಗೊತ್ತಿದ್ದರೂ ಕೇಳುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಕಿಟಕಿಯಿಂದ ನಾನು ಕಟ್ಟಿಸಿದ ಟ್ಯಾಂಕು ಈಗಲೂ ಕಾಣುತ್ತದೆ, ಒಂದು ಹನಿ ಸೋರಿಲ್ಲ. ಪಕ್ಕದ ಮನೆಗೆ ಒಬ್ಬಳು ನರ್ಸು ಬಂದಿದ್ದಾಳೆ. ಎಲ್ಲದಕ್ಕೂ ಮೂಗು ತೂರಿಸುತ್ತಾಳೆ. ಮೊನ್ನೆ ನನ್ನ ಅಡುಗೆಮನೆಗೇ ನುಗ್ಗಿ ಸ್ಟೌ ಆರಿಸಿದಳು. ಹಾಲು ಇಟ್ಟವನು ನಿನ್ನ ಕಾಗದ ಓದುತ್ತ ಕೂತಿದ್ದೆ, ಅಷ್ಟೆ. ಹಾಲು ಉಕ್ಕಿಸದವರು ಯಾರಿದ್ದಾರೆ?

ಅಣ್ಣ


ಮಾರ್ಚ್ ೨೦

ಅಣ್ಣ,

ಕೆಳಮನೆಯ ದರ್ಜಿಯ ಹತ್ತಿರ ಟೇಪು ಎರವಲು ತಂದು ಅಳೆದೆ. ಅವನು ಏಣಿ ಹಿಡಿದು ಕೆಳಗೆ ನಿಂತು, “ಏನಕ್ಕಾ, ಮನೆಗೇ ಅಂಗಿ ಹೊಲಿಸ್ತೀರಾ?” ಎಂದ.

ಷವರಿನಿಂದ ನೀರಿನ ಮಟ್ಟಕ್ಕೆ ನಾಲ್ಕು ಅಡಿ. ಪೈಪು ಅರ್ಧ ಇಂಚು. ನೀರು ದಿನ ಬಿಟ್ಟು ದಿನ.

ಜನ: ಇಬ್ಬರು.

ಹಾಲು ಯಾರಿಗಾದರೂ ಉಕ್ಕುತ್ತದೆ, ಸರಿ. ಆ ನರ್ಸಮ್ಮನನ್ನು ಬಯ್ಯಬೇಡ, ಪಾಪ, ಒಳ್ಳೆಯವರಂತೆ ಕಾಣುತ್ತಾರೆ. ನನಗಂತೂ ಸ್ಟೌ ಆರಿಸಲು ನುಗ್ಗುವವರು ಯಾರೂ ಇಲ್ಲ. ರಾತ್ರಿ ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತೇನೆ. ತಟ್ಟೆಯನ್ನು ಮೇಜಿನವರೆಗೆ ಒಯ್ದರೆ ಎದುರಿನ ಕುರ್ಚಿ ಕಾಣುತ್ತದೆ.

ಪುಟ್ಟಿ


ಏಪ್ರಿಲ್ ೨

ಪುಟ್ಟಿ,

ಇಬ್ಬರು ಎಂದು ಬರೆದಿದ್ದೀಯ. ಎರಡು ಸಲ ಓದಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ.

ಇನ್ನೊಬ್ಬರು ಯಾರೆಂದು ನಾನು ಕೇಳುವುದಿಲ್ಲ. ನಲವತ್ತೆಂಟು ವರ್ಷದ ಹೆಂಗಸು, ಎಂ.ಎ. ಓದಿದವಳು, ನಿನ್ನ ಮನೆ ನಿನ್ನ ಇಷ್ಟ. ಆದರೆ ಟ್ಯಾಂಕಿನ ಲೆಕ್ಕಕ್ಕಾಗಿ ಕೆಲವು ವಿಷಯ ಗೊತ್ತಿರಬೇಕಾಗುತ್ತದೆ. ಆ ಮಹಾಶಯರ ವಯಸ್ಸೆಷ್ಟು? ಬೆಳಿಗ್ಗೆ ಬೇಗ ಏಳುವವರೋ? ಬಚ್ಚಲಲ್ಲಿ ಹಾಡುವ ಚಟವಿದೆಯೋ? ಹಾಡುವವರು ನೀರು ಹೆಚ್ಚು ಖರ್ಚು ಮಾಡುತ್ತಾರೆ, ಇದು ನನ್ನ ಅನುಭವ. ಅಣ್ಣನಿಗೆ ಮೊದಲೇ ಒಂದು ಮಾತು ತಿಳಿಸಬಹುದಿತ್ತು ಎಂದೂ ನಾನು ಹೇಳುವುದಿಲ್ಲ.

ಲೆಕ್ಕ ಹೀಗೆ. ಬರೀ ಎತ್ತರದಿಂದಲೇ ಧಾರೆಯನ್ನು ಎರಡು ಪಟ್ಟು ಮಾಡಬೇಕೆಂದರೆ ನಾಲ್ಕು ಅಡಿಯನ್ನು ಹದಿನಾರು ಮಾಡಬೇಕು, ನಿನ್ನ ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿದಂತೆ. ಬೇಡ. ಐದು ಅಡಿಯ ಕಬ್ಬಿಣದ ಸ್ಟ್ಯಾಂಡು ಹಾಕಿಸು. ನಾಲ್ಕು ಒಂಬತ್ತಾಗುತ್ತದೆ, ಧಾರೆ ಒಂದೂವರೆ ಪಟ್ಟಾಗುತ್ತದೆ. ಅರ್ಧ ಇಂಚಿನ ಪೈಪು ಕಿತ್ತು ಮುಕ್ಕಾಲು ಇಂಚಿನದು ಹಾಕಿಸು, ಮಿಕ್ಕಿದ್ದನ್ನು ಅದು ನೋಡಿಕೊಳ್ಳುತ್ತದೆ. ಟ್ಯಾಂಕು ಇಬ್ಬರಿಗೆ ಐನೂರು ಲೀಟರಿನದು ಸಾಕು, ತಲೆಗೆ ಇನ್ನೂರೈವತ್ತು. ಒಂದು ದಿನ ನೀರು ಬಿಡದಿದ್ದರೂ ಮುಖ ಊದಿಸಿಕೊಂಡು ಕೂರಬೇಕಾಗಿಲ್ಲ. ಅಗಲವಾದದ್ದು, ಮರೆಯಬೇಡ.

ಬಕೆಟ್ ಮೂರು ನಿಮಿಷಕ್ಕೆ ತುಂಬತೊಡಗಿದರೆ ನೀನು ಚುಟುಕಗಳನ್ನು ಓದಬೇಕಾದೀತು.

ನಿಮ್ಮತ್ತಿಗೆ ಇದ್ದಿದ್ದರೆ ಈ ಸುದ್ದಿಗೆ ಎಷ್ಟು ಸಂಭ್ರಮಪಡುತ್ತಿದ್ದಳು.

ಅಣ್ಣ


ಏಪ್ರಿಲ್ ೧೦

ಅಣ್ಣ,

ನಿನ್ನ ಕಾಗದ ಓದಿ ನಗು ತಡೆಯಲಾಗಲಿಲ್ಲ. ಪ್ರೆಸ್ಸಿನಲ್ಲಿ ಪಕ್ಕದ ಮೇಜಿನವಳು, “ಯಾರದ್ದೇ ಅದು, ಲವ್ ಲೆಟರ್ರಾ?” ಎಂದಳು. “ಟ್ಯಾಂಕಿನ ಅಳತೆ” ಎಂದೆ. ಅವಳು ನಂಬಲಿಲ್ಲ.

ಮಹಾಶಯರ ವಿವರ ಕೇಳಿದ್ದೀಯಲ್ಲ, ತಗೋ. ವಯಸ್ಸು ಅರವತ್ತು ದಾಟಿದೆ. ತಲೆಯ ಮೇಲೆ ಕೂದಲಿಗಿಂತ ಅಭಿಪ್ರಾಯಗಳು ಹೆಚ್ಚು. ಚಹಾವನ್ನು ಬಸಿಗೆ ಹೊಯ್ದುಕೊಂಡು ಸೊರ್ರೆಂದು ಕುಡಿಯುತ್ತಾರೆ. ಯಾರ ಮನೆಗೆ ಹೋದರೂ ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ. ಸೊಂಟ ಹಿಡಿದುಕೊಂಡಿದೆ, ಬಗ್ಗಿ ಬಕೆಟ್ಟಿನಿಂದ ಮಗ್ಗು ಎತ್ತಲಾಗುವುದಿಲ್ಲ, ಆದರೆ ಅದನ್ನು ಯಾರ ಹತ್ತಿರವೂ ಒಪ್ಪಿಕೊಳ್ಳುವುದಿಲ್ಲ. ಒಂದು ಸಲ ಕರೆದಾಗ ಬರುವುದಿಲ್ಲ ಎಂದಿದ್ದರು. ಇನ್ನೊಂದು ಸಲ ಕರೆಯಲು ನನಗೆ ಧೈರ್ಯ ಸಾಲುತ್ತಿಲ್ಲ. ಆದ್ದರಿಂದ ಮೊದಲು ಷವರ್ ಸರಿ ಮಾಡಿಸುತ್ತಿದ್ದೇನೆ.

ಯಾರೆಂದು ನೀನೇ ಹೇಳು ನೋಡೋಣ.

ಪುಟ್ಟಿ


ಮೇ ೫

ಅಣ್ಣ,

ನನ್ನ ಹಿಂದಿನ ಕಾಗದ ತಲುಪಿತೋ ಇಲ್ಲವೋ. ಸಲಿಗೆ ಹೆಚ್ಚಾಯಿತೆಂದು ಬೇಜಾರು ಮಾಡಿಕೊಂಡೆಯಾ? ಎರಡು ಸಾಲು ಬರೆ.

ಸ್ಟ್ಯಾಂಡು ತಾರಸಿಗೆ ಬಂದಿದೆ. ಅದರ ಮೇಲೆ ಟ್ಯಾಂಕು ಇನ್ನೂ ಇಲ್ಲ. ಸಂಜೆ ಅದರ ಅಡಿಯಲ್ಲಿ ಚಾಪೆ ಹಾಸಿಕೊಂಡು ಓದುತ್ತೇನೆ. ನಾಲ್ಕು ಕಾಲು, ಮೇಲೆ ಬರೀ ಆಕಾಶ.

ಪುಟ್ಟಿ


ಮೇ ೧೮

ಪುಟ್ಟಿ,

ಕಾಗದ ತಲುಪಿದೆ. ಉತ್ತರ ಬರೆದು ಅಂಚೆಗೆ ಹಾಕಿದೆ ಎಂದುಕೊಂಡಿದ್ದೆ, ನೋಡಿದರೆ ದಿಂಬಿನ ಕೆಳಗೆ ಖಾಲಿ ಲಕೋಟೆ ಮಾತ್ರ ಇದೆ. ಅಂಚೆಯವರ ಮೇಲೆ ಕೂಗಾಡಿ ಬಂದದ್ದು ವ್ಯರ್ಥವಾಯಿತು.

ಆ ಮನುಷ್ಯನ ವಿವರ ಓದಿದೆ. ನನಗೆ ಅಷ್ಟು ಸರಿ ಕಾಣಲಿಲ್ಲ. ಒಮ್ಮೆ ಕರೆದರೆ ಬಾರದವನನ್ನು ಮತ್ತೆ ಯಾಕೆ ಕರೆಯಬೇಕು? ಸೊಂಟವೂ ಸರಿಯಿಲ್ಲ ಎನ್ನುತ್ತೀಯ. ಕೊನೆಗೆ ಅವನ ಚಾಕರಿ ನಿನ್ನ ಕೊರಳಿಗೇ ಬೀಳುತ್ತದೆ. ದುಡುಕಬೇಡ, ಯೋಚಿಸು. ಆದರೂ ಹೋದ ಮನೆಯಲ್ಲೆಲ್ಲ ನಲ್ಲಿ ತಿರುಗಿಸಿ ನೋಡುವವನು ಪೂರ್ತಿ ಕೆಟ್ಟವನಿರಲಾರ.

ಟ್ಯಾಂಕಿನ ವಿಷಯ. ಸ್ಟ್ಯಾಂಡು ಎತ್ತರವಾಗಿ ಹಾಕಿಸು. ಎತ್ತರ ಎರಡು ಪಟ್ಟು ಮಾಡಿದರೆ ಧಾರೆ ಎರಡು ಪಟ್ಟಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ನೀನು ಬರೆಯಲೇ ಇಲ್ಲ. ಅದು ಗೊತ್ತಾಗದೆ ಅಳತೆ ಹೇಗೆ ಹೇಳಲಿ?

ಅಣ್ಣ


ಮೇ ೨೪

ಅಣ್ಣ,

ನಿನ್ನ ಕಾಗದವನ್ನು ಪ್ರೆಸ್ಸಿನಲ್ಲಿ ಪ್ರೂಫು ಓದುವ ಹಾಗೆ ಓದಿದೆ, ಹಳೆಯ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಂಡು. ಎರಡು ಪಟ್ಟಿಗೆ ನಾಲ್ಕು ಪಟ್ಟು ಎಂದು ಮಾರ್ಚಿನಲ್ಲಿ ನೀನೇ ಬರೆದಿದ್ದೆ. ಎಷ್ಟು ಜನ ಎಂದು ನಾನು ಬರೆದಿದ್ದೆ, ಅದಕ್ಕೆ ನೀನು ಉತ್ತರವನ್ನೂ ಕೊಟ್ಟಿದ್ದೆ. ಏನೋ ಅವಸರದಲ್ಲಿ ಬರೆದಿರಬೇಕು. ಹೌದಲ್ಲವೆ? ಮೈ ಸರಿಯಿದೆಯಲ್ಲವೆ?

ಇನ್ನು ಒಗಟು ಸಾಕು. ಆ ಮನುಷ್ಯ ನೀನು. ಚಹಾ ಬಸಿಗೆ ಹೊಯ್ದು ಕುಡಿಯುವವನು, ನಲ್ಲಿ ತಿರುಗಿಸಿ ನೋಡುವವನು, ಸೊಂಟ ಹಿಡಿದವನು, ಎಲ್ಲ ನೀನೇ. ಓದಿದ ಕೂಡಲೇ ಗುರುತು ಹಿಡಿದು ನನ್ನನ್ನು ಚೆನ್ನಾಗಿ ಬಯ್ಯುತ್ತೀಯ ಎಂದುಕೊಂಡಿದ್ದೆ. ಬಯ್ಯಲಿ ಎಂದೇ ಹಾಗೆ ಬರೆದದ್ದು.

ಅತ್ತಿಗೆ ಹೋದ ವರ್ಷ, ನನ್ನ ಜೊತೆ ಬಂದಿರು ಎಂದು ಕೇಳಿದ್ದೆ. “ತಂಗಿ ಮನೇಲಿ ಕಾಲು ಚಾಚ್ಕೊಂಡು ಬಿದ್ದಿರೋ ಜಾತಿ ನಾನಲ್ಲ” ಎಂದೆ. ಆಮೇಲೆ ಮೂರು ತಿಂಗಳು ಮಾತಿಲ್ಲ. ಆದ್ದರಿಂದ ಈ ಸಲ ನಿನ್ನ ಕೈಯಿಂದಲೇ ಅಳತೆ ಬರೆಸಿಕೊಂಡು, ಎಲ್ಲ ಸಿದ್ಧವಾದ ಮೇಲೆ ಕರೆಯೋಣ ಎಂದಿದ್ದೆ. ನೀನು ಕೂತಲ್ಲೇ ಕೂರುವುದು ಬೇಡ. ಇಲ್ಲೂ ನಲ್ಲಿಗಳಿವೆ, ಕೆಳಮನೆಯ ದರ್ಜಿಯದಂತೂ ಸೋರುತ್ತಲೇ ಇರುತ್ತದೆ. ಪೂರ್ವದ ಕೋಣೆ ಖಾಲಿ ಇದೆ. ನನ್ನ ಪುಸ್ತಕಗಳನ್ನು ಅಲ್ಲಿಂದ ತೆಗೆದೆ. ತೆಗೆದ ಮೇಲೆ ಆ ಕೋಣೆ ಇನ್ನಷ್ಟು ಖಾಲಿ ಕಾಣುತ್ತಿದೆ.

ಬಾ ಅಣ್ಣ. ನಿನಗೋಸ್ಕರ ಅಲ್ಲ. ನನಗೆ ಈ ಮನೆ ದೊಡ್ಡದಾಗಿದೆ.

ಪುಟ್ಟಿ


ಜೂನ್ ೯

ಪುಟ್ಟಿ,

ನನ್ನ ಮೈಗೆ ಏನೂ ಆಗಿಲ್ಲ. ಎರಡು ಪಟ್ಟು ನಾಲ್ಕು ಪಟ್ಟು ಎಲ್ಲ ನನಗೆ ಬಾಯಿಪಾಠ. ಕೈತಪ್ಪಿ ಬರೆದಿರಬೇಕು. ಅದಕ್ಕಾಗಿ ಹಳೆಯ ಕಾಗದ ಹುಡುಕಿ ತಾಳೆ ಹಾಕುವುದೇ? ನಾನೇನು ನಿನ್ನ ಪ್ರೆಸ್ಸಿನ ಭೂಗೋಳವೇ?

ಆ ಮನುಷ್ಯ ನಾನೇ ಎಂದು ನನಗೆ ಮೊದಲೇ ಗೊತ್ತಿತ್ತು. ಸುಮ್ಮನೆ ಆಟ ಆಡಿಸಿದೆ.

ಬರುತ್ತೇನೆ. ಇರುವುದಕ್ಕೆ ಎಂದು ಈಗಲೇ ಹೇಳಲಾರೆ. ಟ್ಯಾಂಕನ್ನು ಸರಿಯಾಗಿ ಕೂರಿಸಿದ್ದಾರೋ ಇಲ್ಲವೋ ನೋಡಲು ಯಾರಾದರೂ ತಿಳಿದವರು ಬರಬೇಕಲ್ಲ. ಸ್ಟ್ಯಾಂಡಿನ ಕಾಲುಗಳು ತೊಲೆಯ ಮೇಲೇ ನಿಂತಿರಬೇಕು, ಬರೀ ತಾರಸಿಯ ಮೇಲಲ್ಲ. ತುಂಬಿದ ಟ್ಯಾಂಕಿನ ಭಾರ ಹುಡುಗಾಟವಲ್ಲ.

ಒಂದು ತಿದ್ದುಪಡಿ ಇದೆ. ಐನೂರು ಲೀಟರ್ ಸಾಲದು. ತಲೆಗೆ ಇನ್ನೂರೈವತ್ತರಂತೆ ಮೂವರಿಗೆ ಏಳುನೂರೈವತ್ತು ಬೇಕು. ನಿಮ್ಮತ್ತಿಗೆಯನ್ನು ನೀನು ಬಲ್ಲೆಯಲ್ಲ, ತಲೆಸ್ನಾನದ ದಿನ ಅವಳಿಗೆ ಬಕೆಟ್ ಲೆಕ್ಕವೇ ಇರುವುದಿಲ್ಲ. ನಾನು ಹೇಳಿದರೆ ಕೇಳುವುದಿಲ್ಲ, ನೀನು ಹೇಳಿದರೂ ನಕ್ಕುಬಿಡುತ್ತಾಳೆ. ಆದ್ದರಿಂದ ದೊಡ್ಡದನ್ನೇ ತಗೋ.

ಅಣ್ಣ


ಜೂನ್ ೧೬

ಅಣ್ಣ,

ಏಳುನೂರೈವತ್ತು ಲೀಟರಿನದನ್ನೇ ತಂದೆ. ಅಗಲವಾದದ್ದು. ಅಂಗಡಿಯವನು, “ನೀವು ಒಬ್ರೇ ಅಲ್ವಾ ಮೇಡಂ ಇರೋದು?” ಎಂದ. “ಮೂರು ಜನ” ಎಂದೆ.

ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಏರಿಸಿದರು. ದರ್ಜಿ ಬೀದಿಯಲ್ಲಿ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಸ್ಟ್ಯಾಂಡಿನ ಕಾಲುಗಳು ತೊಲೆಯ ಮೇಲೇ ಇವೆ, ನಾನೇ ಅಳೆದು ಗುರುತು ಹಾಕಿಸಿದೆ. ಪೈಪು ಮುಕ್ಕಾಲು ಇಂಚಿನದು. ನಿನ್ನೆ ಮೊದಲ ಸಲ ಷವರ್ ತಿರುಗಿಸಿದೆ. ತಲೆಯ ಮೇಲೆ ಒಮ್ಮೆಲೇ ಬಿದ್ದ ನೀರಿಗೆ ಬೆಚ್ಚಿ ಹಿಂದೆ ಸರಿದೆ. ಆಮೇಲೆ ಎಷ್ಟೋ ಹೊತ್ತು ಅದರ ಕೆಳಗೇ ನಿಂತಿದ್ದೆ. ಇಷ್ಟು ವರ್ಷ ನನ್ನ ಬೆನ್ನಿಗೆ ನೀರು ಮುಟ್ಟಿಯೇ ಇರಲಿಲ್ಲವೇನೋ ಎನ್ನಿಸಿತು.

ನಾನೇ ಬಂದು ಕರೆದುಕೊಂಡು ಬರುತ್ತೇನೆ ಎಂದು ಬರೆದು, ಹೊಡೆದುಹಾಕಿದೆ. ನಿನಗೆ ಅದು ಇಷ್ಟವಾಗಲಾರದು. ಬೆಳಗಿನ ಬಸ್ಸು ಹಿಡಿ, ಎಲ್ಲೂ ಇಳಿದು ಬದಲಾಯಿಸುವ ಗೋಜಿಲ್ಲ, ಕೊನೆಯ ನಿಲ್ದಾಣವೇ ನಮ್ಮದು. ಭಾನುವಾರ ಅಲ್ಲಿ ನಿಂತಿರುತ್ತೇನೆ.

ಪುಟ್ಟಿ


ಜೂನ್ ೨೫

ಅಣ್ಣ,

ಭಾನುವಾರ ನಿಲ್ದಾಣದಲ್ಲಿ ಕಾದೆ. ನಿಮ್ಮ ಊರಿನ ಬಸ್ಸು ಬಂದಾಗಲೆಲ್ಲ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಇಳಿದವರೆಲ್ಲ ನನ್ನನ್ನು ಟಿಕೆಟ್ ಕೇಳುವವಳೆಂದು ತಿಳಿದರೇನೋ, ಒಬ್ಬರು ಚೀಟಿ ಕೈಗಿತ್ತು ಹೋದರು. ಕೊನೆಯ ಬಸ್ಸಿನ ಕಂಡಕ್ಟರು, “ಯಾರಮ್ಮಾ ಬರ್ಬೇಕಿತ್ತು?” ಎಂದ. “ಇಂಜಿನಿಯರು, ಟ್ಯಾಂಕು ನೋಡೋದಕ್ಕೆ” ಎಂದೆ.

ಆಮೇಲೆ ಫೋನು ಮಾಡಿದೆ. ರಿಂಗಾಗುತ್ತಲೇ ಇತ್ತು.

ಕೋಪವಿಲ್ಲ. ಕೆಲಸ ಬಿದ್ದಿರಬಹುದು, ಮನಸ್ಸು ಬದಲಾಗಿರಬಹುದು. ಬರಲು ಇಷ್ಟವಿಲ್ಲದಿದ್ದರೆ ಹಾಗೆಂದೇ ಬರೆ. ಕಾಯುವುದು ನನಗೆ ಕಷ್ಟವಲ್ಲ. ಯಾವುದಕ್ಕೆ ಕಾಯುತ್ತಿದ್ದೇನೆ ಎಂದು ತಿಳಿಯದಿರುವುದು ಕಷ್ಟ.

ಪುಟ್ಟಿ


ಜುಲೈ ೧

ಪುಟ್ಟಿ,

ಇವತ್ತು ಬೆಳಿಗ್ಗೆ ತಲೆ ತಿಳಿಯಾಗಿದೆ. ಹಾಗಿರುವಾಗಲೇ ಬರೆದು ಮುಗಿಸುತ್ತೇನೆ.

ನಿನ್ನ ಎರಡು ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಮೂವರಿಗೆ ಎಂದು ನಾನು ಬರೆದಿದ್ದೆನಂತೆ, ನೀನು ಮೂವರಿಗಾಗುವ ಟ್ಯಾಂಕನ್ನೇ ತಂದಿದ್ದೀಯಂತೆ. ಆ ಮೂರನೆಯವರು ಯಾರೆಂದು ಬಹಳ ಹೊತ್ತು ಯೋಚಿಸಿದೆ. ಗೊತ್ತಾದಾಗ, ಅವಳು ಹೋದದ್ದು ಈಗಷ್ಟೇ ಎಂಬಂತೆ ಅತ್ತೆ. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಎರಡು ಪಟ್ಟು ತಪ್ಪಾದಾಗ ನೀನು ತಿದ್ದಿದ್ದೆ. ಇದನ್ನು ತಿದ್ದಲಿಲ್ಲ. ಒಂದು ಅಲ್ಪವಿರಾಮಕ್ಕೂ ಜಗಳ ತೆಗೆಯುವ ಹುಡುಗಿ ನೀನು. ನೀನು ತಿದ್ದದೆ ಬಿಟ್ಟಿದ್ದೀಯ ಎಂದರೆ ನನಗೆ ಏನಾಗಿದೆ ಎಂದು ತಿಳಿಯಲು ಯಾವ ಡಾಕ್ಟರೂ ಬೇಕಾಗಲಿಲ್ಲ.

ಕೆಲಸವೂ ಬಿದ್ದಿರಲಿಲ್ಲ, ಮನಸ್ಸೂ ಬದಲಾಗಲಿಲ್ಲ. ಭಾನುವಾರ ಹೊರಟಿದ್ದೆ, ಅಷ್ಟು ನೆನಪಿದೆ. ಒಗೆದ ಅಂಗಿ ಹಾಕಿಕೊಂಡು, ಚೀಲದಲ್ಲಿ ಅಳತೆ ಟೇಪು ಇಟ್ಟುಕೊಂಡು ಹೊರಟಿದ್ದೆ. ಆಮೇಲೆ ಹೇಗೆ ಮನೆಯಲ್ಲಿದ್ದೆನೋ ತಿಳಿಯದು.

ಇವತ್ತೂ ಚೀಲ ಹಿಡಿದು ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಪಕ್ಕದ ಮನೆಯ ನರ್ಸು ರಾತ್ರಿಯ ಪಾಳಿ ಮುಗಿಸಿ ಆಗತಾನೆ ಬಂದವಳು, ಚಪ್ಪಲಿ ಕೂಡ ಬಿಡದೆ ನನ್ನ ಬಾಗಿಲಿಗೆ ಬಂದು ನಿಂತಳು. ಅವಳ ಮಾತನ್ನು ನಿನಗೆ ಬರೆಯಲೋ ಬೇಡವೋ ಎಂದು ಅರ್ಧ ಗಂಟೆ ಕೂತಿದ್ದೆ. ಬರೆಯುತ್ತಿದ್ದೇನೆ. ಹೀಗೆಂದಳು:

“ಎಲ್ಲಿಗೆ ಅಂತ ಕೇಳಲ್ಲ ಸರ್, ತಂಗಿ ಮನೆಗೆ. ಭಾನುವಾರದಿಂದ ದಿನಾ ಹೊರಡ್ತಿದೀರಿ. ನಿಲ್ದಾಣದ ತನಕ ಹೋಗಿ, ಯಾವ ಊರು ಅಂತ ಹೊಳೀದೆ ವಾಪಸ್ ಬಂದು ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀರಿ. ಇವತ್ತು ಬೀಗ ಹಾಕ್ಬೇಡಿ. ಒಳಗೆ ಬನ್ನಿ, ಒಂದು ಲೋಟ ಚಹಾ ಮಾಡಿಕೊಡ್ತೀನಿ, ಅದು ಕುಡಿದು ಅವರಿಗೆ ಬರೀರಿ, ‘ಬಂದು ಕರ್ಕೊಂಡು ಹೋಗು’ ಅಂತ. ನಾನೇ ಅಂಚೆಗೆ ಹಾಕ್ತೀನಿ. ಹಾಗೆ ಬರೆಯೋಕೆ ನಿಮಗೆ ಸಂಕೋಚ ಆದ್ರೆ, ಪಕ್ಕದ ಮನೆಯವಳು ಹೇಳಿದ್ಳು ಅಂತ ಬರೀರಿ.”